ಚಿತ್ರ ಕಡ ಕೊಟ್ಟ ಉಣ್ಣೆ ಸಾವ್ಕಾರ

ಬ್ರಾಡ್‌ಫರ್ಡ್‌ನ ಉಣ್ಣೆ ವ್ಯಾಪಾರಿ ಚಾರ್ಲ್ಸ್ ರದರ್‌ಸ್ಟನ್ ತಾವು ಕೂಡಿಸಿದ್ದ 800ಕ್ಕೂ ಹೆಚ್ಚು ಕಲಾಕೃತಿಗಳನ್ನು 1925ರಲ್ಲಿ ಕೊಟ್ಟುಬಿಟ್ಟರು. ಅವು ಬೀಗದೊಳಗೆ ಕೂರಬಾರದು, ಊರೂರು ತಿರುಗಬೇಕು ಎಂಬುದು ಅವರ ಆಸೆ. ಅದೇ ಮನೆಯ ಇನ್ನೊಬ್ಬ ಮಗ ಅಜಂತೆಯ ಗುಹೆಗಳ ತನಕ ಬಂದವರು. ಕಂಬಳಿಯ ಸೀಮೆಯಾದ ಮದ್ದೂರಿಗೆ ಈ ಕಥೆ ಅಂದುಕೊಂಡಷ್ಟು ದೂರದ್ದಲ್ಲ.

ಮಳೆ ಹಿಂದಾಗಿ ತೊಗರಿ ಹೂ ಬಿಡುವ ಹೊತ್ತು. ಮದ್ದೂರಿನ ಸೀಮೆಯ ಹೊಲವೊಂದರ ಬದುವಿನ ಮೇಲೆ ಕುರಿಯ ಕಾಲು ಕೂಡಿಸಿ ಕಟ್ಟಿ, ಪಕ್ಕಕ್ಕೆ ಕೆಡವಿ, ಒಬ್ಬ ಮೊಣಕಾಲೂರಿ ಕೂತಿದ್ದಾನೆ. ಕೈಯಲ್ಲಿ ಉದ್ದ ಅಲಗಿನ ಕತ್ತರಿ. ಹೊಟ್ಟೆಯ ಕೆಳಗಿಂದ ಶುರುವಾದ ಕತ್ತರಿ ಚರ್ಮಕ್ಕೆ ತಾಗಿಯೂ ತಾಗದಂತೆ ಬೆನ್ನಿನವರೆಗೆ ಏರುತ್ತದೆ. ಕರಿ ಉಣ್ಣೆ ಮಗುಚಿಕೊಂಡು ನೆಲಕ್ಕೆ ಬೀಳುತ್ತದೆ. ಒಳಮೈಯಲ್ಲಿ ಇನ್ನೂ ಬಿಸಿ, ಕೈಗೆ ಅಂಟುವ ಜಿಡ್ಡು. ಎಳೆಗಳ ನಡುವೆ ಜಾಲಿಮುಳ್ಳು, ಒಣಹುಲ್ಲು, ಕೆಂಪು ಮಣ್ಣು.

ಕಟ್ಟು ಬಿಚ್ಚಿದ್ದೇ ತಡ, ಕುರಿ ಎದ್ದು ಮೈ ಕೊಡವಿ ಹಿಂಡು ಸೇರುತ್ತದೆ. ಮುಂದಿನ ಕೆಲಸ ಮನೆಯದು. ಹೆಂಗಸರು ಉಣ್ಣೆಯನ್ನು ಬಿಡಿಸಿ, ಹಿಂಜಿ, ನೂಲುತ್ತಾರೆ. ಗಂಡಸರು ಗುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಾರೆ. ಹಾಸಿನ ನೂಲಿಗೆ ಹುಣಸೆಬೀಜದ ಸರಿ ಹಚ್ಚಿದಾಗ ಅದಕ್ಕೆ ಬಿಗಿ ಬರುತ್ತದೆ. ಹೊರಗೆ ಬರುವುದು ಮಳೆಯನ್ನೂ ಚಳಿಯನ್ನೂ ತಡೆಯುವ ಕರಿಕಂಬಳಿ. ಮದುವೆಯಲ್ಲಿ ಗದ್ದುಗೆಗೆ ಅದೇ, ಬೀರಪ್ಪನ ಪೂಜೆಗೆ ಅದೇ, ಹೊಲದಲ್ಲಿ ಕುರಿ ತರುಬಿದ ರಾತ್ರಿ ಹೊದೆಯುವುದಕ್ಕೂ ಅದೇ.

ಇದು ವಡೆಗೆ ಹೆಸರಾದ ಮಂಡ್ಯದ ಮದ್ದೂರಲ್ಲ. ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಮದ್ದೂರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹಳೆಯ ಕಾಗದಪತ್ರಗಳಲ್ಲಿ ಉರ್ದು ಎನ್ನುವ ಕುಟುಂಬಗಳು ಮಖ್ತಲ್, ಗದ್ವಾಲ್, ನಾರಾಯಣಪೇಟೆಯ ಸುತ್ತ ಈಗಲೂ ಇವೆ. ಅದೇ ಕಂಬಳಿಗೆ ಇಲ್ಲಿ ಗೊಂಗಡಿ ಎಂದೂ ಹೆಸರು.

ಈ ಉಣ್ಣೆಗೆ ಈಗ ಬೆಲೆ ಇಲ್ಲ. ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ ಎಂಬುದು ದಖ್ಖನಿನ ಕುರಿಗಾರರ ದೂರು. ಎಷ್ಟೋ ಕಡೆ ಕತ್ತರಿಸಿದ ಉಣ್ಣೆಯನ್ನು ಹೊಲದಲ್ಲೇ ಬಿಟ್ಟು ಹೋಗುತ್ತಾರೆ. ಇದೇ ಉಣ್ಣೆ ಎಂಬ ಸರಕು ಇನ್ನೊಂದು ಕಾಲದಲ್ಲಿ, ಇನ್ನೊಂದು ನೆಲದಲ್ಲಿ ಊರನ್ನೇ ಕಟ್ಟಿತು. ಆ ಊರಿನ ಒಂದು ಮನೆ ಉಣ್ಣೆಯ ದುಡ್ಡನ್ನು ಬಣ್ಣವಾಗಿ, ಶಿಲ್ಪವಾಗಿ, ಕೊನೆಗೆ ದಾನವಾಗಿ ಮಾಡಿತು. ಆ ದಾನಕ್ಕೆ ನೂರು ವರ್ಷ ತುಂಬಿರುವ ಹೊತ್ತಿನಲ್ಲಿ ಆ ಮನೆಯ ಕಥೆಯನ್ನು ಇಲ್ಲಿ ನಿಂತು ಹೇಳಬೇಕೆನಿಸುತ್ತದೆ.

> ಮದ್ದೂರು ಎಲ್ಲಿತ್ತು, ಎಲ್ಲಿದೆ
> ಮದ್ದೂರು ಇಂದು ಕೊಡಂಗಲ್ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. ನಿಜಾಮರ ಕಾಲದಲ್ಲಿ ಇಡೀ ಸೀಮೆ ಹೈದರಾಬಾದ್ ಸಂಸ್ಥಾನದ್ದು. ಕೊಡಂಗಲ್ ತಾಲ್ಲೂಕು 1956ರ ಭಾಷಾವಾರು ವಿಂಗಡಣೆಯವರೆಗೆ ಗುಲಬರ್ಗಾ ಜಿಲ್ಲೆಯಲ್ಲಿತ್ತು. ಅಜಂತೆಯ ಗುಹೆಗಳೂ ಆಗ ಇದೇ ಸಂಸ್ಥಾನದೊಳಗಿದ್ದವು.

ಉಣ್ಣೆ ಕಟ್ಟಿದ ಊರು

ಇಂಗ್ಲೆಂಡಿನ ಉತ್ತರಕ್ಕಿರುವ ಬ್ರಾಡ್‌ಫರ್ಡ್‌ನಲ್ಲಿ 1801ರಲ್ಲಿ ಇದ್ದದ್ದು ಸುಮಾರು 13,000 ಜನ. 1851ಕ್ಕೆ ಲಕ್ಷ ದಾಟಿತ್ತು. ಐವತ್ತೇ ವರ್ಷದಲ್ಲಿ ಊರು ಹೀಗೆ ಊದಿಕೊಂಡದ್ದು ಉಣ್ಣೆಯಿಂದ. ಆಸ್ಟ್ರೇಲಿಯಾದ ನಯವಾದ ಉಣ್ಣೆ, ಪೆರುವಿನ ಅಲ್ಪಾಕಾ, ತುರ್ಕಿಯ ಮೊಹೇರ್ ಎಲ್ಲ ಬಂದು ಬೀಳುತ್ತಿದ್ದದ್ದು ಅಲ್ಲಿಗೆ. ಹಿಂದೂಸ್ಥಾನದ ಒರಟು ಉಣ್ಣೆ ಲಿವರ್‌ಪೂಲ್‌ನ ಹರಾಜಿಗೆ ಹೋಗಿ ಜಮಖಾನೆಯಾಗುತ್ತಿತ್ತು. ಬ್ರಾಡ್‌ಫರ್ಡ್‌ನದು ಕೋಟು-ಸೂಟಿನ ಬಟ್ಟೆ.

ಈ ವ್ಯಾಪಾರಕ್ಕೆಂದು ಜರ್ಮನಿಯಿಂದ ವರ್ತಕರು ಬಂದು ನೆಲೆಸಿದರು. ಅವರಲ್ಲಿ ಅನೇಕರು ಯಹೂದಿಗಳು. ಅವರು ಎತ್ತರದ ಕಲ್ಲಿನ ಮಳಿಗೆಗಳನ್ನು ಕಟ್ಟಿದ ಬಡಾವಣೆಗೆ ಲಿಟಲ್ ಜರ್ಮನಿ ಎಂದೇ ಹೆಸರು. ಆ ಕಟ್ಟಡಗಳು ಈಗಲೂ ನಿಂತಿವೆ. ಮಿಲ್ಲಿನಿಂದ ಬಟ್ಟೆ ಕೊಂಡು, ಗುಣ ನೋಡಿ, ಬಂಡಲು ಕಟ್ಟಿ ಯೂರೋಪಿಗೆ ಕಳಿಸುವುದು ಅವರ ದಂಧೆ. ಕೈಬೆರಳಿನಲ್ಲಿ ಎಳೆ ಹಿಡಿದು ದರ್ಜೆ ಹೇಳಬಲ್ಲವನೇ ಅಲ್ಲಿ ವ್ಯಾಪಾರಿ. ನೋಡುವ ಮತ್ತು ಮುಟ್ಟಿ ತಿಳಿಯುವ ಕಸುಬು ಅದು. ಮುಂದೆ ಅದೇ ಊರಿಂದ ಒಬ್ಬ ಕಲಾಸಂಗ್ರಾಹಕ ಹುಟ್ಟಿದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ.

ಊರಿನ ಸಾಹುಕಾರರಿಗೆ ತಮ್ಮ ಸಂಪತ್ತು ಕಾಣುವಂತೆ ಇರಬೇಕೆನಿಸಿತು. ಉಣ್ಣೆ ವಿನಿಮಯ ಭವನ ಕಟ್ಟಲು ಹೊರಟರು. ಯಾವ ಶೈಲಿಯಲ್ಲಿ ಕಟ್ಟೋಣ ಎಂದು ಸಲಹೆ ಕೇಳಲು ಕಲಾಚಿಂತಕ ಜಾನ್ ರಸ್ಕಿನ್‌ರನ್ನು ಕರೆಸಿದರು. ಮುಂದೆ ಗಾಂಧೀಜಿಯ ಬದುಕನ್ನೇ ತಿರುಗಿಸಿದ ‘ಅಂಟು ದಿಸ್ ಲಾಸ್ಟ್’ ಬರೆದ ರಸ್ಕಿನ್ ಇವರೇ.

1864ರ ಏಪ್ರಿಲ್‌ನಲ್ಲಿ ಬಂದ ರಸ್ಕಿನ್, ಸಾಹುಕಾರರು ಎಣಿಸಿದ ಮಾತನ್ನು ಆಡಲಿಲ್ಲ. ನಿಮ್ಮ ಭವನದ ಬಗ್ಗೆ ನನಗೆ ಆಸಕ್ತಿಯೇ ಇಲ್ಲ, ಏಕೆಂದರೆ ನಿಮಗೂ ಇಲ್ಲ ಎಂದು ಎದುರಿಗೇ ಹೇಳಿದರು. ನೀವು ನಿಜಕ್ಕೂ ಪೂಜಿಸುವುದು ಹಣವನ್ನು. ಆ ಪೂಜೆಗೆ ತಕ್ಕ ಗುಡಿಯನ್ನು ಬೇಡುತ್ತಿದ್ದೀರಿ. ಅಭಿರುಚಿ ಕೊಂಡು ತರುವ ಸರಕಲ್ಲ, ಬದುಕುವ ರೀತಿಯಿಂದ ಬರುವಂಥದ್ದು ಎಂಬುದು ಆ ಭಾಷಣದ ಸಾರ. ಭವನ ನಿಂತೇ ನಿಂತಿತು, 1867ರಲ್ಲಿ ತೆರೆಯಿತು. ಈಗ ಅದರೊಳಗೆ ದೊಡ್ಡದೊಂದು ಪುಸ್ತಕದಂಗಡಿ ಇದೆ.

ಆ ಭಾಷಣವಾಗಿ ಎರಡು ವರ್ಷಕ್ಕೆ, 1866ರಲ್ಲಿ, ಬ್ರಾಡ್‌ಫರ್ಡ್‌ನ ಉಣ್ಣೆ ವ್ಯಾಪಾರಿ ಮೋರಿಟ್ಜ್ ರಾಥೆನ್‌ಸ್ಟೈನ್‌ರಿಗೆ ಒಬ್ಬ ಮಗ ಹುಟ್ಟಿದ. ಹೆಸರು ಚಾರ್ಲ್ಸ್.

> ಉಣ್ಣೆಯೊಳಗಿನ ಸಾವು
> ಬ್ರಾಡ್‌ಫರ್ಡ್‌ನ ವೈಭವಕ್ಕೆ ಕೂಲಿಗಾರರು ತೆತ್ತ ಬೆಲೆ ದೊಡ್ಡದು. ಹೊರದೇಶದಿಂದ ಬಂದ ಅಲ್ಪಾಕಾ, ಮೊಹೇರ್ ಬಂಡಲುಗಳನ್ನು ಬಿಚ್ಚಿ ವಿಂಗಡಿಸುವವರು ಬೆಳಿಗ್ಗೆ ಕೆಲಸಕ್ಕೆ ಬಂದವರು ಒಂದೆರಡು ದಿನದಲ್ಲೇ ಸಾಯುತ್ತಿದ್ದರು. ಅದು ಅಂಥ್ರಾಕ್ಸ್. ಊರಿನವರು ಅದನ್ನು ಉಣ್ಣೆ ವಿಂಗಡಿಸುವವರ ಕಾಯಿಲೆ ಎಂದೇ ಕರೆಯುತ್ತಿದ್ದರು. ಜರ್ಮನಿಯಲ್ಲಿ ಹುಟ್ಟಿ ಬ್ರಾಡ್‌ಫರ್ಡ್‌ನಲ್ಲಿ ಬೆಳೆದ ವೈದ್ಯ ಫ್ರೆಡ್ರಿಕ್ ಯೂರಿಚ್ ವರ್ಷಗಟ್ಟಲೆ ಸೋಂಕಿನ ಉಣ್ಣೆಯನ್ನೇ ಪರೀಕ್ಷಿಸಿ, ರೋಗಾಣುವನ್ನು ಕೊಲ್ಲುವ ದಾರಿ ಕಂಡುಕೊಂಡರು. 1919ರಲ್ಲಿ ಕಾನೂನು ಬಂತು. 1921ರಲ್ಲಿ ಲಿವರ್‌ಪೂಲ್‌ನಲ್ಲಿ ಉಣ್ಣೆಯ ಸೋಂಕು ಕಳೆಯುವ ಕೇಂದ್ರ ಶುರುವಾಯಿತು.

ಅಣ್ಣ ಗಲ್ಲೆಯ ಮೇಲೆ, ತಮ್ಮಂದಿರು ಬಣ್ಣದ ಮುಂದೆ

ಮೋರಿಟ್ಜ್ 1859ರಲ್ಲಿ ಜರ್ಮನಿಯಿಂದ ಬ್ರಾಡ್‌ಫರ್ಡ್‌ಗೆ ಬಂದವರು. ದುಡಿದು ಮೇಲೆ ಬಂದರು. ಅವರ ಮೂವರು ಗಂಡುಮಕ್ಕಳಲ್ಲಿ ಚಾರ್ಲ್ಸ್ ಹಿರಿಯ. ಅವರ ನಂತರ 1872ರಲ್ಲಿ ವಿಲಿಯಂ, 1881ರಲ್ಲಿ ಆಲ್ಬರ್ಟ್.

ವರ್ತಕರ ಮನೆಯಲ್ಲಿ ಹಿರಿಯ ಮಗನ ದಾರಿ ಹುಟ್ಟುವ ಮೊದಲೇ ಗೊತ್ತಾಗಿರುತ್ತದೆ. ನಮ್ಮ ಕಡೆಯೂ ಹಾಗೇ, ಅಲ್ಲಿಯೂ ಹಾಗೇ. ಆ ದಾರಿಯನ್ನು ಒಲ್ಲೆನೆಂದು ಓಡಿಹೋದವರೂ ಇದ್ದರು. ಅದೇ ಊರಿನ ಇನ್ನೊಬ್ಬ ಜರ್ಮನ್ ಉಣ್ಣೆ ವ್ಯಾಪಾರಿಯ ಮಗ ಫ್ರೆಡ್ರಿಕ್ ಡೀಲಿಯಸ್ ತಂದೆಯ ವ್ಯಾಪಾರ ಬಿಟ್ಟು 1884ರಲ್ಲಿ ಅಮೆರಿಕದ ಫ್ಲೋರಿಡಾದ ಕಿತ್ತಳೆ ತೋಟಕ್ಕೆ ಹೋದರು, ಮುಂದೆ ದೊಡ್ಡ ಸಂಗೀತ ಸಂಯೋಜಕರಾದರು.

ಚಾರ್ಲ್ಸ್ ಓಡಲಿಲ್ಲ. ತಂದೆಯ ವ್ಯಾಪಾರಕ್ಕೆ ಹೆಗಲು ಕೊಟ್ಟರು.

ವಿಲಿಯಂಗೆ ಬೇರೆಯೇ ದಾರಿ ತೆರೆಯಿತು. ಹದಿನಾರರ ವಯಸ್ಸಿನಲ್ಲಿ ಲಂಡನ್ನಿನ ಸ್ಲೇಡ್ ಕಲಾಶಾಲೆಗೆ, ಮರುವರ್ಷವೇ ಪ್ಯಾರಿಸ್ಸಿಗೆ. ಅಲ್ಲಿ ಡೆಗಾ, ವಿಸ್ಲರ್, ಟುಲೂಸ್-ಲೊತ್ರೆಕ್, ರೊಡ್ಯಾರ ಒಡನಾಟ. ಆಲ್ಬರ್ಟ್ ಕೂಡ ಸ್ಲೇಡ್‌ಗೇ ಹೋದರು, ಮುಂದೆ ಆಕ್ಸ್‌ಫರ್ಡ್‌ನ ರಸ್ಕಿನ್ ಚಿತ್ರಶಾಲೆಯ ಮುಖ್ಯಸ್ಥರಾದರು. ಬ್ರಾಡ್‌ಫರ್ಡ್‌ಗೆ ಬಂದು ಬೈದುಹೋದ ಅದೇ ರಸ್ಕಿನ್‌ರ ಹೆಸರಿನ ಶಾಲೆ.

ಇಬ್ಬರು ತಮ್ಮಂದಿರು ಬಣ್ಣ ಹಿಡಿಯಲು ಒಬ್ಬ ಅಣ್ಣ ಲೆಕ್ಕದ ಪುಸ್ತಕ ಹಿಡಿದ ಎಂದು ಇಷ್ಟಕ್ಕೇ ಕಥೆ ಮುಗಿಸಬಹುದಿತ್ತು. ಆದರೆ ಅಣ್ಣನಿಗೂ ಕಣ್ಣಿತ್ತು. ತಮ್ಮ ವಿಲಿಯಂ ಮೂಲಕ ಹೊಸ ಕಲಾವಿದರ ಪರಿಚಯವಾಗುತ್ತ ಹೋಯಿತು. ಅವರು ಹೆಸರು ಮಾಡುವ ಮೊದಲೇ, ಯಾರೂ ಕೊಳ್ಳದಿದ್ದಾಗಲೇ, ಚಾರ್ಲ್ಸ್ ಕೊಂಡರು. ಅಗಸ್ಟಸ್ ಜಾನ್, ಅವರ ಅಕ್ಕ ಗ್ವೆನ್ ಜಾನ್, ಪಾಲ್ ನ್ಯಾಶ್, ವಿಂಡಮ್ ಲೂಯಿಸ್. ಚೀನಾ, ಕೊರಿಯಾದ ಮಣ್ಣಿನ ಪಾತ್ರೆಗಳನ್ನೂ ಪಿಂಗಾಣಿಯನ್ನೂ ಕಂಚಿನ ವಸ್ತುಗಳನ್ನೂ ಅದೇ ಪ್ರೀತಿಯಿಂದ ಕೂಡಿಸಿದರು.

ಹೆಸರಾದವರ ಚಿತ್ರ ಕೊಳ್ಳಲು ದುಡ್ಡೊಂದಿದ್ದರೆ ಸಾಕು. ಹೆಸರಾಗದವರ ಚಿತ್ರ ಕೊಳ್ಳಲು ತನ್ನ ಕಣ್ಣನ್ನು ತಾನು ನಂಬಬೇಕು. ಆ ನಂಬಿಕೆ ಉಣ್ಣೆ ಮಳಿಗೆಯಲ್ಲಿ ಬಂಡಲು ಬಂಡಲು ಮುಟ್ಟಿ ನೋಡಿದವನಿಗೆ ಬೇಗ ಬಂದಿರಬೇಕು ಎಂದು ನನ್ನ ಊಹೆ.

1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಹೆಸರಿನವರನ್ನೆಲ್ಲ ಸಂಶಯದಿಂದ ನೋಡುವ ಕಾಲ. ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದವರಿಗೂ ಅದು ತಪ್ಪಲಿಲ್ಲ. 1916ರಲ್ಲಿ ಚಾರ್ಲ್ಸ್ ಮತ್ತು ಆಲ್ಬರ್ಟ್ ಹೆಸರು ಬದಲಿಸಿ ರದರ್‌ಸ್ಟನ್ ಎಂದಾದರು. ವಿಲಿಯಂ ತಂದೆಯ ಹೆಸರನ್ನೇ ಉಳಿಸಿಕೊಂಡರು. ಹೀಗಾಗಿ ಒಡಹುಟ್ಟಿದವರ ಹೆಸರು ಎರಡು ಬಗೆಯಾಗಿ ಚರಿತ್ರೆಯಲ್ಲಿ ಉಳಿಯಿತು.

ಗುಹೆಯೊಳಗೆ ಉಣ್ಣೆ ವ್ಯಾಪಾರಿಯ ಮಗ

ಇಲ್ಲಿಂದ ಕಥೆ ನಮ್ಮ ಕಡೆ ತಿರುಗುತ್ತದೆ.

1910ರ ಜನವರಿ. ಲಂಡನ್ನಿನ ಸಭೆಯೊಂದರಲ್ಲಿ ಭಾರತದ ಕಲೆಯ ಬಗ್ಗೆ ಮಾತು. ಮುಂಬಯಿಯಲ್ಲಿ ಬಹುಕಾಲ ಇದ್ದು ಬಂದ ಸರ್ ಜಾರ್ಜ್ ಬರ್ಡ್‌ವುಡ್, ಧ್ಯಾನದಲ್ಲಿ ಕೂತ ಬುದ್ಧನ ವಿಗ್ರಹವನ್ನು ಕೊಬ್ಬು ಹಾಕಿ ಬೇಯಿಸಿದ ಕಡುಬಿಗೆ ಹೋಲಿಸಿ, ಭಾರತಕ್ಕೆ ಉನ್ನತ ಕಲೆ ಎಂಬುದೇ ಇಲ್ಲ ಎಂದರು. ಸಭೆಯಲ್ಲಿದ್ದ ವಿಲಿಯಂ ರಾಥೆನ್‌ಸ್ಟೈನ್ ಸಿಟ್ಟಾದರು. ‘ಟೈಮ್ಸ್’ ಪತ್ರಿಕೆಗೆ 13 ಮಂದಿ ಕಲಾವಿದರು, ವಿಮರ್ಶಕರು ಸಹಿ ಮಾಡಿದ ಪ್ರತಿಭಟನೆಯ ಪತ್ರ ಹೋಯಿತು. ಅದೇ ವರ್ಷ ‘ಇಂಡಿಯಾ ಸೊಸೈಟಿ’ ಹುಟ್ಟಿತು.

ಪತ್ರ ಬರೆದು ವಿಲಿಯಂ ಸುಮ್ಮನೆ ಕೂರಲಿಲ್ಲ. ಆ ವರ್ಷದ ಕೊನೆಗೆ ಭಾರತಕ್ಕೆ ಹೊರಟರು. ಜೊತೆಗೆ ಕ್ರಿಸ್ಟಿಯಾನಾ ಹೆರಿಂಗ್ಹಮ್. ಈಕೆ ಅಜಂತೆಯ ಭಿತ್ತಿಚಿತ್ರಗಳನ್ನು ಪ್ರತಿ ಮಾಡುವ ಕೆಲಸ ಆಗಲೇ ಶುರುಮಾಡಿದ್ದ ಕಲಾವಿದೆ. ಗುಹೆ ಕತ್ತಲು. ಬಾವಲಿಗಳ ವಾಸನೆ. ಗೋಡೆಯ ಗಾರೆ ಉದುರುತ್ತಿತ್ತು. ಏಣಿಯ ಮೇಲೆ ನಿಂತು, ಮಸಕು ಬೆಳಕಿನಲ್ಲಿ ಗೆರೆ ಗೆರೆಯಾಗಿ ಎತ್ತಿಕೊಳ್ಳಬೇಕು.

ಆ ಕೆಲಸದಲ್ಲಿ ಹೆರಿಂಗ್ಹಮ್‌ಗೆ ನೆರವಾದವರ ಪಟ್ಟಿ ನೋಡಿದರೆ ರೋಮಾಂಚನವಾಗುತ್ತದೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್, ಸಮರೇಂದ್ರನಾಥ ಗುಪ್ತ. ಅವರೊಡನೆ ಮೈಸೂರಿನ ಕೆ. ವೆಂಕಟಪ್ಪ. ಹೈದರಾಬಾದ್ ಸಂಸ್ಥಾನದ ಕಡೆಯಿಂದ ಸೈಯದ್ ಅಹ್ಮದ್ ಮತ್ತು ಮುಹಮ್ಮದ್ ಫಜಲುದ್ದೀನ್. ಬ್ರಾಡ್‌ಫರ್ಡ್‌ನ ಉಣ್ಣೆ ವ್ಯಾಪಾರಿಯ ಮಗ ಕಂಡ ಅಜಂತೆಯ ಗೋಡೆಗಳ ಮುಂದೆ ಅದೇ ಕಾಲಕ್ಕೆ ಕನ್ನಡದ ಕಲಾವಿದರೊಬ್ಬರೂ, ಮದ್ದೂರು ಸೇರಿದ್ದ ಸಂಸ್ಥಾನದ ಇಬ್ಬರೂ ಕುಂಚ ಹಿಡಿದು ನಿಂತಿದ್ದರು.

ಹೆರಿಂಗ್ಹಮ್ ಊರಿಗೆ ಮರಳಿದ ಮೇಲೆ ಮನಸ್ಸಿನ ಕಾಯಿಲೆಗೆ ಬಿದ್ದರು, ಮತ್ತೆ ಚಿತ್ರ ಬರೆಯಲಿಲ್ಲ. ಆಕೆಯ ಪ್ರತಿಗಳು 1915ರಲ್ಲಿ ಇಂಡಿಯಾ ಸೊಸೈಟಿಯ ಪುಸ್ತಕವಾಗಿ ಬಂದವು. ಸೈಯದ್ ಅಹ್ಮದ್ ಮುಂದೆ ಅಜಂತೆಯ ಕ್ಯುರೇಟರ್ ಆಗಿ ಆ ಗೋಡೆಗಳ ಜೊತೆಯಲ್ಲೇ ಬಾಳಿದರು. ವೆಂಕಟಪ್ಪನವರ ರಾಮಾಯಣದ ಚಿತ್ರಗಳು 1913ರಲ್ಲಿ ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಪುಸ್ತಕದಲ್ಲಿ ಅಚ್ಚಾದವು.

ವಿಲಿಯಂ ಅದೇ ಪ್ರವಾಸದಲ್ಲಿ ಕಲ್ಕತ್ತೆಯ ಜೋಡಾಸಾಂಕೊ ಮನೆಗೆ ಹೋದರು. ಅವನೀಂದ್ರ, ಗಗನೇಂದ್ರರನ್ನು ಕಾಣಲು ಹೋದವರಿಗೆ ಅಲ್ಲಿ ಮೌನವಾಗಿ ಕೂತ ಅವರ ಚಿಕ್ಕಪ್ಪ ಕಂಡರು. ಆ ಚಿಕ್ಕಪ್ಪ ರವೀಂದ್ರನಾಥ ಠಾಕೂರ್.

> ರೈಲಿನಲ್ಲಿ ಬಿಟ್ಟುಹೋದ ಗೀತಾಂಜಲಿ
> 1912ರಲ್ಲಿ ರವೀಂದ್ರರು ಲಂಡನ್ನಿಗೆ ಬಂದಾಗ ಅವರ ಇಂಗ್ಲಿಷ್ ಅನುವಾದಗಳ ಹಸ್ತಪ್ರತಿಯಿದ್ದ ಚೀಲವನ್ನು ಮಗ ರಥೀಂದ್ರನಾಥ ಸುರಂಗ ರೈಲಿನಲ್ಲಿ ಮರೆತರು. ಕಳೆದ ವಸ್ತುಗಳ ಕಚೇರಿಯಲ್ಲಿ ಅದು ಸಿಕ್ಕಿತು. ಹಸ್ತಪ್ರತಿ ಮೊದಲು ಹೋದದ್ದು ವಿಲಿಯಂ ರಾಥೆನ್‌ಸ್ಟೈನ್‌ರ ಕೈಗೆ. ಅವರು ಕವಿ ಯೇಟ್ಸ್‌ಗೆ ಕಳಿಸಿದರು. ಜುಲೈ 7ರಂದು ವಿಲಿಯಂರ ಮನೆಯಲ್ಲೇ ಯೇಟ್ಸ್ ಆ ಕವಿತೆಗಳನ್ನು ಗೆಳೆಯರ ಮುಂದೆ ಓದಿದರು. ಅದೇ ವರ್ಷ ಇಂಡಿಯಾ ಸೊಸೈಟಿ 750 ಪ್ರತಿ ಅಚ್ಚು ಹಾಕಿಸಿತು. ಪುಸ್ತಕದ ಅರ್ಪಣೆ ವಿಲಿಯಂ ರಾಥೆನ್‌ಸ್ಟೈನ್‌ಗೆ. ಮರುವರ್ಷ ನೊಬೆಲ್.

ಕೊಟ್ಟ ಬಗೆ

ಬ್ರಾಡ್‌ಫರ್ಡ್‌ನಲ್ಲೇ ಉಳಿದ ಅಣ್ಣನ ಕಡೆಗೆ ಬರೋಣ.

ಉಣ್ಣೆಯ ದುಡ್ಡಿನಲ್ಲಿ ಕಲೆಗೆ ಮನೆ ಕಟ್ಟಿದವರು ಆ ಊರಿಗೆ ಹೊಸಬರಲ್ಲ. ಉಣ್ಣೆ ಬಾಚುವ ಯಂತ್ರದಿಂದ ಕೋಟ್ಯಧೀಶರಾದ ಲಾರ್ಡ್ ಮ್ಯಾಷಮ್ ಕೊಟ್ಟ 40,000 ಪೌಂಡಿನಿಂದ ಕಾರ್ಟ್‌ರೈಟ್ ಹಾಲ್ ಎಂಬ ಕಲಾಭವನ 1904ರಲ್ಲಿ ತೆರೆದಿತ್ತು. ಜರ್ಮನಿಯಿಂದ ಬಂದ ಉಣ್ಣೆ ವರ್ತಕ ಜೇಕಬ್ ಮೋಸರ್ ಊರಿನ ಬಡವರಿಗೆ, ಆಸ್ಪತ್ರೆಗೆ ಕೈಯೆತ್ತಿ ಕೊಟ್ಟು 1910ರಲ್ಲಿ ನಗರದ ಲಾರ್ಡ್ ಮೇಯರ್ ಆಗಿದ್ದರು. ಚಾರ್ಲ್ಸ್‌ಗೂ ಅದೇ ದಾರಿ ತೆರೆದಿತ್ತು: ಕಟ್ಟಡ ಕಟ್ಟಿಸಿ, ಬಾಗಿಲ ಮೇಲೆ ಹೆಸರು ಕೆತ್ತಿಸಿ, ಒಳಗೆ ಚಿತ್ರ ತೂಗುಹಾಕುವುದು.

ಅವರು ಹಾಗೆ ಮಾಡಲಿಲ್ಲ. 1925ರಲ್ಲಿ, ತೀರಿಕೊಳ್ಳುವ ಎರಡು ವರ್ಷ ಮೊದಲು, 800ಕ್ಕೂ ಹೆಚ್ಚು ಕೃತಿಗಳನ್ನು ಮ್ಯಾಂಚೆಸ್ಟರ್ ನಗರದ ಕಲಾಭವನಕ್ಕೆ ಒಪ್ಪಿಸಿದರು. ಆಗ ಅಲ್ಲಿ ಕ್ಯುರೇಟರ್ ಆಗಿದ್ದವರು ಲಾರೆನ್ಸ್ ಹಾವರ್ಡ್. ಚಾರ್ಲ್ಸ್‌ರ ಆಸೆ ಇಷ್ಟೆ: ಈ ಕೃತಿಗಳು ಇರುವುದು ಕಡ ಕೊಡಲಿಕ್ಕೆ. ಉತ್ತರ ಇಂಗ್ಲೆಂಡಿನ ಕಲಾಶಾಲೆಗಳು, ಸಣ್ಣ ಊರಿನ ಕಲಾಭವನಗಳು ಇವನ್ನು ತರಿಸಿಕೊಂಡು ತೂಗುಹಾಕಬಹುದು, ಮಕ್ಕಳಿಗೆ ತೋರಿಸಬಹುದು, ನೋಡಿ ಕಲಿತಾದ ಮೇಲೆ ಹಿಂದಿರುಗಿಸಬಹುದು. ‘ರದರ್‌ಸ್ಟನ್ ಕಡ ಯೋಜನೆ’ ಎಂದೇ ಅದು ಹೆಸರಾಯಿತು. ನಮ್ಮ ಕಡೆ ಸಾವ್ಕಾರ ಬೀಜದ ಜೋಳವನ್ನು ಕಡ ಕೊಡುವ ಹಾಗೆ ಈ ಸಾವ್ಕಾರ ಚಿತ್ರ ಕಡ ಕೊಟ್ಟರು, ಬಡ್ಡಿ ಕೇಳಲಿಲ್ಲ.

ಈ ದಾನದ ತೂಕ ತಿಳಿಯಬೇಕಾದರೆ ಅಂದಿನ ಮಿಲ್ಲಿನ ಊರುಗಳನ್ನು ನೆನೆಯಬೇಕು. ಹೊಗೆ, ಮಳೆ, ಸಾಲು ಮನೆ. ಅಲ್ಲಿನ ಕಲಾಶಾಲೆಗೆ ಬರುತ್ತಿದ್ದವರಲ್ಲಿ ಬಟ್ಟೆಯ ವಿನ್ಯಾಸ ಕಲಿಯುವ ಹುಡುಗರು, ಹುಡುಗಿಯರು ಬಹಳ. ಲಂಡನ್ನಿಗೆ ಹೋಗಿ ಚಿತ್ರ ನೋಡಲು ಅವರ ಕೈಯಲ್ಲಿ ದುಡ್ಡಿಲ್ಲ. ಪುಸ್ತಕದಲ್ಲಿ ಅಚ್ಚಾದದ್ದು ಕಪ್ಪು-ಬಿಳುಪು, ಬೆರಳಗಲ. ಅಂಥವರ ತರಗತಿಗೇ ಅಸಲಿ ಚಿತ್ರ ಬಂದರೆ ಕುಂಚದ ಎಳೆತ ಕಾಣುತ್ತದೆ, ಬಣ್ಣದ ದಪ್ಪ ಕಾಣುತ್ತದೆ. ಚೀನಾದ ಬಟ್ಟಲಿನ ಮೆರುಗು ಕಿಟಕಿಯ ಬೆಳಕಿನಲ್ಲಿ ಹೇಗೆ ಬದಲಾಗುತ್ತದೆ ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು.

ಚಾರ್ಲ್ಸ್ ಯಾರ ಕೃತಿಗಳನ್ನು ಕೊಂಡರೋ ಅವರಲ್ಲಿ ಯಾರ್ಕ್‌ಷೈರಿನ ಗಣಿ ಕೆಲಸಗಾರನ ಮಗನೊಬ್ಬನೂ ಇದ್ದ. ವಿಲಿಯಂ 1920ರಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಪ್ರಾಂಶುಪಾಲರು; ಆ ಹುಡುಗ 1921ರಲ್ಲಿ ಅಲ್ಲಿ ಕಲಿಯಲು ಬಂದ. ಆತನ ಎಳವೆಯ ಕೆತ್ತನೆಗಳನ್ನು ಕೊಂಡವರು ಅತಿ ಕಡಿಮೆ. ಆ ಕೆಲವರಲ್ಲಿ ಚಾರ್ಲ್ಸ್ ಒಬ್ಬರು. ಹುಡುಗನ ಹೆಸರು ಹೆನ್ರಿ ಮೂರ್. ಇಪ್ಪತ್ತನೆಯ ಶತಮಾನದ ಶಿಲ್ಪಕಲೆಯ ದೊಡ್ಡ ಹೆಸರುಗಳಲ್ಲಿ ಒಂದು.

1927ರಲ್ಲಿ ಚಾರ್ಲ್ಸ್ ತೀರಿಕೊಂಡರು. ತಮ್ಮ ವಿಲಿಯಂಗೆ 1931ರಲ್ಲಿ ಸರ್ ಪದವಿ ಸಿಕ್ಕಿತು. ತಮ್ಮನ ಮಗ ಜಾನ್ ರಾಥೆನ್‌ಸ್ಟೈನ್ 1938ರಿಂದ 1964ರವರೆಗೆ ಟೇಟ್ ಗ್ಯಾಲರಿಯ ನಿರ್ದೇಶಕ. ಗಲ್ಲೆಯ ಮೇಲೆ ಕೂತ ಅಣ್ಣನ ಹೆಸರು ಮಾತ್ರ ಮ್ಯಾಂಚೆಸ್ಟರ್‌ನ ಗೋಡೆಗಳ ಮೇಲಿನ ಸಣ್ಣ ಚೀಟಿಗಳಲ್ಲಿ ಉಳಿಯಿತು. ಮೂವರಲ್ಲಿ ನನಗೆ ಹೆಚ್ಚು ಪ್ರೀತಿ ಈ ಅಣ್ಣನ ಮೇಲೆ.

ನಮ್ಮ ಗೋಡೆಗಳು

ನಮ್ಮಲ್ಲಿ ಕೊಟ್ಟವರೇ ಇಲ್ಲವೆಂದಲ್ಲ. ಮೂರನೆಯ ಸಾಲಾರ್ ಜಂಗ್ ಕೂಡಿಸಿದ ಭಂಡಾರ 1951ರಲ್ಲಿ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆಯಿತು. ಹೈದರಾಬಾದಿನ ಕಲಾವಿದ ದಂಪತಿ ಜಗದೀಶ್ ಮತ್ತು ಕಮಲಾ ಮಿತ್ತಲ್ ಜೀವನವಿಡೀ ಕೂಡಿಸಿದ್ದನ್ನು 1976ರಲ್ಲಿ ಟ್ರಸ್ಟ್‌ಗೆ ಕೊಟ್ಟರು. ಬೆಂಗಳೂರಿನ ಉದ್ಯಮಿ ಎಚ್.ಕೆ. ಕೇಜ್ರಿವಾಲ್ 1995ರಲ್ಲಿ ತಮ್ಮ ಸಂಗ್ರಹವನ್ನು ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಒಪ್ಪಿಸಿದರು. ಅಜಂತೆಗೆ ಹೋಗಿಬಂದ ವೆಂಕಟಪ್ಪನವರು ಒಂಟಿಯಾಗಿ, ವೀಣೆ ಮತ್ತು ಚಿತ್ರದ ಜೊತೆ ಬಾಳಿ, 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಕಲಾಭವನ ಕಬ್ಬನ್ ಪಾರ್ಕಿನಲ್ಲಿದೆ.

ಇವೆಲ್ಲ ರಾಜಧಾನಿಗಳಲ್ಲಿ. ಮದ್ದೂರಿನ ಮಗು ಇವನ್ನು ನೋಡಬೇಕಾದರೆ ಬೆಳಗಿನ ಬಸ್ಸು ಹಿಡಿಯಬೇಕು, ಅಪ್ಪನೋ ಅವ್ವನೋ ಒಂದು ದಿನದ ಕೂಲಿ ಬಿಡಬೇಕು. ಶಾಲೆಯ ಪ್ರವಾಸವೆಂದು ಒಮ್ಮೆ ಸಾಲಾರ್ ಜಂಗ್‌ಗೆ ಕರೆದೊಯ್ದರೂ ಮಕ್ಕಳು ಸಾಲಿನಲ್ಲಿ ನಡೆಯುತ್ತ, ಹಿಂದಿನವರ ನೂಕಿಗೆ ಮುಂದೆ ಸಾಗುತ್ತ, ಗಡಿಯಾರದ ಗಂಟೆ ಹೊಡೆಯುವ ಬೊಂಬೆಯನ್ನು ನೋಡಿ ಬರುತ್ತಾರೆ. ಚಿತ್ರದ ಮುಂದೆ ನಿಲ್ಲಲು ಪುರುಸೊತ್ತು ಸಿಗುವುದಿಲ್ಲ. ಒಂದೇ ಚಿತ್ರ ತಿಂಗಳು ಪೂರ್ತಿ ತರಗತಿಯ ಗೋಡೆಯ ಮೇಲಿದ್ದರೆ ಹಾಗಾಗುವುದಿಲ್ಲ. ಹಿಂದಿನ ಬೆಂಚಿನ ಹುಡುಗನೂ ಒಂದು ದಿನ ಅದನ್ನು ನೋಡಿಯೇ ನೋಡುತ್ತಾನೆ.

ಈ ಸೀಮೆಗೆ ಕಲೆ ಹೊಸದೇನೂ ಅಲ್ಲ. ಗದ್ವಾಲಿನ ಸೀರೆಯಲ್ಲಿ ಹತ್ತಿಯ ಮೈಗೆ ರೇಷ್ಮೆಯ ಅಂಚನ್ನೂ ಸೆರಗನ್ನೂ ಬೆಸೆಯುವ ಕೈಗಳು ಇಲ್ಲಿಯವು. ನಾರಾಯಣಪೇಟೆಯ ಸೀರೆಯ ಚೌಕುಳಿ ದಖ್ಖನಿನಾದ್ಯಂತ ಗುರುತು. ಕಂಬಳಿಯ ಮಗ್ಗದಲ್ಲಿ ಬಣ್ಣ ಹಾಕದೆ, ಕುರಿಯ ಮೈಯ ಕಪ್ಪು, ಕಂದು, ಬೂದಿ ಬಣ್ಣಗಳನ್ನೇ ಆಯ್ದು ಗೆರೆ ತೆಗೆಯುವ ಕಣ್ಣು ಎಷ್ಟು ಸೂಕ್ಷ್ಮ! ಆಚೆ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮುಂಬಯಿಯ ಸಿನಿಮಾ ಚಿತ್ರಗಳಿಂದ ಹಿಡಿದು ಪುರಾಣದ ದೊಡ್ಡ ಕ್ಯಾನ್ವಾಸುಗಳವರೆಗೆ ಬರೆದು ದೇಶಕ್ಕೆಲ್ಲ ಪರಿಚಿತರಾದರು. ಇಲ್ಲಿಯ ಮಕ್ಕಳಿಗೆ ಬೇಕಾದ ಕಣ್ಣು ಮನೆಯಲ್ಲೇ ಇದೆ. ಆ ಕಣ್ಣಿನ ಮುಂದೆ ತಂದಿಡುವವರು ಬೇಕು.

> ದಖ್ಖನಿ ಕುರಿ
> ಕರಿಮೈಯ, ಒರಟು ಉಣ್ಣೆಯ, ಬರಕ್ಕೂ ದೂರದ ನಡಿಗೆಗೂ ಒಗ್ಗಿಕೊಂಡ ತಳಿ. ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರದ ಒಣಸೀಮೆ ಇದರ ನೆಲೆ. ಮಾಂಸದ ಬೇಡಿಕೆ ಏರಿದಂತೆ ಉಣ್ಣೆಯಿಲ್ಲದ ನೆಲ್ಲೂರು ತಳಿಯೊಡನೆ ಬೆರೆಸುವುದು ಹೆಚ್ಚಿತು. ಉಣ್ಣೆಯ ಕುರಿ ಕಡಿಮೆಯಾಯಿತು. ಕಡಿಮೆ ಬೆಲೆಯ ಮಿಲ್ಲಿನ ರಗ್ಗುಗಳು ಸಂತೆಗೆ ಬಂದ ಮೇಲೆ ಕಂಬಳಿ ಕೊಳ್ಳುವವರೂ ಕಡಿಮೆಯಾದರು. ನೂಲುವ ಹೆಂಗಸರಲ್ಲಿ ಈಗ ಉಳಿದವರು ಬಹುಪಾಲು ವಯಸ್ಸಾದವರು.

ತಂದಿಡಲು ಅಸಲಿ ಚಿತ್ರವೇ ಬೇಕೆಂದಿಲ್ಲ. ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ರಾಜ್ಯ ವಸ್ತುಸಂಗ್ರಹಾಲಯದಲ್ಲಿ ಅಜಂತಾ ವಿಭಾಗವಿದೆ. ಸೈಯದ್ ಅಹ್ಮದ್ ಮತ್ತು ಅವರ ಜೊತೆಗಾರರ ಕೈಯ ಪ್ರತಿಗಳು ಅಲ್ಲಿವೆ. ಗುಹೆಯಲ್ಲಿ ಬಣ್ಣ ಮಾಸುತ್ತ ಹೋದಂತೆ ಈ ಪ್ರತಿಗಳಿಗೆ ತಮ್ಮದೇ ಬೆಲೆ ಬಂದಿದೆ. ಇವುಗಳ ಒಳ್ಳೆಯ ಅಚ್ಚುಗಳನ್ನು, ಗೋಡೆಯ ಅಳತೆಗೆ ತಕ್ಕಷ್ಟು ದೊಡ್ಡದಾಗಿ ತೆಗೆದು, ಮರದ ಪೆಟ್ಟಿಗೆಯಲ್ಲಿಟ್ಟು ನಾರಾಯಣಪೇಟೆಯ ಸುತ್ತಲಿನ ಶಾಲೆಗಳಿಗೆ ಒಂದೊಂದು ತಿಂಗಳು ಕಡ ಕೊಡಬಹುದು. ಮದ್ದೂರಿನ ಶಾಲೆ, ಕೃಷ್ಣಾ ನದಿಯ ದಡದ ಕನ್ನಡ ಶಾಲೆಗಳು, ಮಖ್ತಲ್, ಗದ್ವಾಲ್ ಹೀಗೆ ಪೆಟ್ಟಿಗೆ ಸುತ್ತುತ್ತ ಹೋಗಲಿ. ವೆಂಕಟಪ್ಪನವರ ಚಿತ್ರಗಳ ಅಚ್ಚುಗಳನ್ನು ಬೆಂಗಳೂರು ಕೊಡಲಿ. ಅಜಂತೆಯ ಕಾಲದ ಜೊತೆಗಾರರು ಒಂದೇ ಪೆಟ್ಟಿಗೆಯಲ್ಲಿ ಬರಲಿ.

ಪೆಟ್ಟಿಗೆಯಲ್ಲಿ ಒಂದು ಕರಿಕಂಬಳಿಯ ತುಂಡು, ಒಂದು ಗದ್ವಾಲಿನ ಅಂಚು, ನೂಲುವ ಕದಿರು ಕೂಡ ಇರಬೇಕೆಂದು ನನ್ನ ಆಸೆ. ಮಕ್ಕಳು ಮುಟ್ಟಿ ನೋಡಲಿ. ಅಜ್ಜಿ ಮನೆಯಲ್ಲಿ ಮಾಡುವ ಕೆಲಸವೂ ಚಿತ್ರದ ಪಕ್ಕದಲ್ಲಿ ಇಡತಕ್ಕದ್ದು ಎಂದು ಅವರಿಗೆ ಶಾಲೆಯಲ್ಲೇ ಕಾಣಲಿ.

ಖರ್ಚು ಎಷ್ಟಾದೀತು? ಅಚ್ಚು, ಚೌಕಟ್ಟು, ಪೆಟ್ಟಿಗೆ, ಊರಿಂದೂರಿಗೆ ಸಾಗಿಸುವ ಬಾಡಿಗೆ. ಒಂದು ಜಾತ್ರೆಯ ಅನ್ನಸಂತರ್ಪಣೆಗೆ ಅಕ್ಕಿಯ ಮೂಟೆ ಕೊಡುವ, ಶಾಲೆಯ ಕಾಂಪೌಂಡಿಗೆ ಇಟ್ಟಿಗೆ ಕೊಡುವ ವರ್ತಕರು ಈ ಸೀಮೆಯ ಪ್ರತಿ ಊರಿನಲ್ಲೂ ಇದ್ದಾರೆ. ತೊಗರಿ, ಶೇಂಗಾ, ಹತ್ತಿ, ಬಟ್ಟೆ, ಕುರಿ ಯಾವ ವ್ಯಾಪಾರವಾದರೇನು. ಮೊದಲ ಪೆಟ್ಟಿಗೆಗೆ ಒಬ್ಬರು ಮುಂದೆ ಬರಬೇಕು. ಶಾಲೆಯ ಚಿತ್ರಕಲಾ ಶಿಕ್ಷಕರು ಯಾವ ಚಿತ್ರ ಬೇಕೆಂದು ಪಟ್ಟಿ ಮಾಡಿ ಜಿಲ್ಲಾ ಶಿಕ್ಷಣಾಧಿಕಾರಿಗಳ ಮೂಲಕ ವಸ್ತುಸಂಗ್ರಹಾಲಯಕ್ಕೆ ಬರೆಯಬೇಕು. ಬರುವ ಜೂನ್‌ನಲ್ಲಿ ಶಾಲೆ ತೆರೆಯುವುದರೊಳಗೆ ಆ ಅರ್ಜಿ ಹೈದರಾಬಾದ್ ತಲುಪಲಿ.